ಟೆಂಟಿನಲ್ಲೇ ವರ್ಷಗಟ್ಟಲೆ ಇರಬಹುದಾ?

ಹಿಂದಿನ ಸಂಚಿಕೆಯಲ್ಲಿ ಯಾರಿಗೋ ಉತ್ತರ ಬರೆಯುವಾಗ, ನಾನು ನಾಲ್ಕು ವರ್ಷ ಟೆಂಟಿನಲ್ಲಿ ಇದ್ದೆ ಅಂತ ಒಂದು ಸಾಲು ಸೇರಿಸಿದ್ದೆ. ಆ ಒಂದು ಸಾಲಿಗೆ ಬಂದಷ್ಟು ಪತ್ರ ಈ ಅಂಕಣಕ್ಕೆ ಯಾವತ್ತೂ ಬಂದಿರಲಿಲ್ಲ. ಹಾಗಾಗಿ ಈ ಸಲ ಪೂರ್ತಿ ಜಾಗ ಅದಕ್ಕೇ. ಒಂದೇ ಥರದ ಪ್ರಶ್ನೆಗಳನ್ನು ಸೇರಿಸಿ ಒಂದು ಮಾಡಿದ್ದೇನೆ. ಎರಡು ದಿನ ಸುತ್ತಾಡಲು ಹೋಗಿ ಟೆಂಟಿನಲ್ಲಿ ಮಲಗಿ ಬರುವವರಿಗೆ ಇದರಲ್ಲಿ ಹೆಚ್ಚೇನೂ ಸಿಗಲಾರದು. ಅದನ್ನೇ ಮನೆ ಮಾಡಿಕೊಳ್ಳಲು ಹೊರಟವರಿಗೆ ಅಂತ ಬರೆದಿದ್ದೇನೆ.

ಪ್ರಶ್ನೆ: ಅಕ್ಕಾ, ನನಗೆ ಮೂವತ್ತೊಂದು ವರ್ಷ. ಒಬ್ಬನೇ ಇದ್ದೇನೆ. ಕೆಲಸ ಎಲ್ಲ ಲ್ಯಾಪ್‌ಟಾಪಿನಲ್ಲೇ. ದುಡಿದದ್ದರಲ್ಲಿ ಅರ್ಧ ಬಾಡಿಗೆಗೆ ಹೋಗುತ್ತದೆ. ಆ ರೂಮಿನ ಕಿಟಕಿ ತೆಗೆದರೆ ಕಾಣುವುದು ಎದುರು ಗೋಡೆ. ಗೆಳೆಯನ ಜಮೀನಿನ ಅಂಚಿನಲ್ಲಿ ಟೆಂಟು ಹಾಕಿಕೊಂಡು ಎರಡು ಮೂರು ವರ್ಷ ಇದ್ದುಬಿಡೋಣ ಅಂತ ಆಸೆ. ನಾಲ್ಕು ಜನ ಮಲಗುವ ನೈಲಾನ್ ಟೆಂಟು ಒಂದನ್ನು ನೋಡಿಟ್ಟಿದ್ದೇನೆ. ಮನೆಯಲ್ಲಿ ಹುಚ್ಚು ಅಂತಾರೆ. ನಿಜವಾಗಿ ಆಗುತ್ತದಾ?

ಉತ್ತರ: ಆಗುತ್ತದೆ ತಮ್ಮಾ. ಇದು ಹುಚ್ಚೇನೂ ಅಲ್ಲ. ಮಂಗೋಲಿಯಾದಲ್ಲಿ ದನ, ಕುರಿ ಸಾಕುವವರು ಸೊನ್ನೆಗಿಂತ ಮೂವತ್ತು ಡಿಗ್ರಿ ಕೆಳಗಿಳಿಯುವ ಚಳಿಯಲ್ಲೂ 'ಗೆರ್' ಅನ್ನುವ ಉಣ್ಣೆ ಡೇರೆಯಲ್ಲಿ ಮಕ್ಕಳು ಮರಿ ಕಟ್ಟಿಕೊಂಡು ಸಂಸಾರ ಮಾಡುತ್ತಾರೆ. ಅದನ್ನು ಕಟ್ಟುವ ವಿದ್ಯೆಯನ್ನು ಯುನೆಸ್ಕೊ 2013ರಲ್ಲಿ ತನ್ನ ಪರಂಪರೆಯ ಪಟ್ಟಿಗೆ ಸೇರಿಸಿದೆ. ಮರುಭೂಮಿಯ ಬೆದೂಯಿನ್ ಜನರ ಕಪ್ಪು ಡೇರೆ ಆಡಿನ ಕೂದಲಿನದು. ಒಣಗಿರುವಾಗ ಅದರ ನೇಯ್ಗೆ ಸಡಿಲ, ಒಳಗೆ ಗಾಳಿ ಆಡುತ್ತದೆ. ನೆನೆದರೆ ನೂಲು ಉಬ್ಬಿಕೊಂಡು ಸಂದು ಮುಚ್ಚುತ್ತದೆ.

ಆದರೆ ಇವೆಲ್ಲ ಬಾಳುವುದಕ್ಕೆ ಅಂತಲೇ ಮಾಡಿದ ಡೇರೆಗಳು. ನೀವು ನೋಡಿಟ್ಟಿರುವುದು ಹಾಗಲ್ಲ. ಅದು ವರ್ಷಕ್ಕೆ ಹತ್ತಿಪ್ಪತ್ತು ರಾತ್ರಿ ಬಳಸಿ, ಒಣಗಿಸಿ, ಚೀಲಕ್ಕೆ ತುಂಬಿ, ಕಪಾಟಿನಲ್ಲಿ ಇಡುವವರಿಗೆ ಮಾಡಿದ್ದು. ನೀವು ಮುನ್ನೂರ ಅರವತ್ತೈದು ದಿನ ಅದನ್ನು ಬಿಸಿಲಿಗೆ ಹಾಕುತ್ತೀರಿ. ಲೆಕ್ಕ ಹಾಕಿ ನೋಡಿ, ಅವರ ಇಪ್ಪತ್ತು ಮೂವತ್ತು ವರ್ಷ ನಿಮ್ಮ ಒಂದೇ ವರ್ಷದಲ್ಲಿ ಮುಗಿದುಹೋಗುತ್ತದೆ.

ನನ್ನ ಮೊದಲ ಟೆಂಟೂ ತೆಳು ನೈಲಾನಿನದೇ. ಹತ್ತಿರ ಹತ್ತಿರ ಒಂಬತ್ತು ತಿಂಗಳು ಚೆನ್ನಾಗಿಯೇ ಇತ್ತು. ಒಂದು ಮಧ್ಯಾಹ್ನ ಬಿಸಿಲು ಜಾಸ್ತಿ ಬೀಳುವ ಕಡೆಯ ಬಟ್ಟೆಯ ಮೇಲೆ ಒಣ ಎಲೆ ಅಂಟಿಕೊಂಡಿತ್ತು. ತೆಗೆಯೋಣ ಅಂತ ಹೆಬ್ಬೆರಳಿನಿಂದ ತಳ್ಳಿದೆ. ಬೆರಳು ಆಚೆಗೆ ಹೋಯಿತು. ಹಳೇ ಪೇಪರ್ ಹರಿದ ಹಾಗೆ, ಸದ್ದೂ ಇಲ್ಲದೆ. ನೆರಳಿನ ಕಡೆಯ ಬಟ್ಟೆಯನ್ನು ಜಗ್ಗಿ ನೋಡಿದೆ, ಅದು ಗಟ್ಟಿಯಾಗೇ ಇತ್ತು. ಆ ದಿನ ನನಗೆ ಅರ್ಥವಾಯಿತು, ಟೆಂಟಿಗೆ ಮಳೆಗಿಂತ ದೊಡ್ಡ ಶತ್ರು ಬಿಸಿಲು. ಸೂರ್ಯನ ಅತಿನೇರಳೆ ಕಿರಣಕ್ಕೆ ನೈಲಾನ್ ಬೇಗ ಸೋಲುತ್ತದೆ, ಪಾಲಿಯೆಸ್ಟರ್ ಸ್ವಲ್ಪ ತಡೆಯುತ್ತದೆ. ನೀರು ಇಳಿಯದಿರಲಿ ಅಂತ ಒಳಗೆ ಬಳಿದಿರುವ ಪಾಲಿಯುರಿಥೇನ್ ಲೇಪವೂ ತೇವಕ್ಕೆ ಹಾಳಾಗಿ, ಮೊದಲು ಅಂಟಂಟಾಗಿ, ಆಮೇಲೆ ಕಮಟು ವಾಸನೆ ಬಂದು, ಕೊನೆಗೆ ಪದರ ಪದರವಾಗಿ ಉದುರುತ್ತದೆ.

ವರ್ಷಗಟ್ಟಲೆ ಇರುವುದಾದರೆ ದಪ್ಪ ಹತ್ತಿ ಕ್ಯಾನ್ವಾಸ್ ತಗೊಳ್ಳಿ, ಇಲ್ಲವೇ ಹತ್ತಿ ಮತ್ತು ಪಾಲಿಯೆಸ್ಟರ್ ಸೇರಿಸಿ ನೇಯ್ದದ್ದು. ಭಾರ ಇರುತ್ತದೆ. ಐದು ಮೀಟರ್ ಅಗಲದ ದುಂಡು ಟೆಂಟು ಕಂಬ, ಗೂಟ ಎಲ್ಲ ಸೇರಿ ಮೂವತ್ತು ಕೆ.ಜಿ. ದಾಟುತ್ತದೆ. ಹೊತ್ತು ತಿರುಗುವುದಕ್ಕೆ ಆಗುವುದಿಲ್ಲ, ಆದರೆ ನೀವು ಹೊತ್ತು ತಿರುಗುವುದಿಲ್ಲವಲ್ಲ. ಕ್ಯಾನ್ವಾಸ್ ಉಸಿರಾಡುತ್ತದೆ, ಹರಿದರೆ ತೇಪೆ ಹಾಕಿ ಹೊಲಿಯಬಹುದು, ಮಳೆಯ ಸದ್ದು ಕಿವಿಗೆ ಹೊಡೆಯುವುದಿಲ್ಲ. ಹೊಸದನ್ನು ತಂದ ಕೂಡಲೇ ಒಳಗೆ ಸಾಮಾನು ಇಡಬೇಡಿ. ಖಾಲಿ ಟೆಂಟು ನಿಲ್ಲಿಸಿ ಚೆನ್ನಾಗಿ ನೀರು ಹಾಕಿ ನೆನೆಸಿ, ಪೂರ್ತಿ ಒಣಗಲು ಬಿಡಿ. ಎರಡು ಮೂರು ಸಲ ಹೀಗೆ ಮಾಡಿದರೆ ನೂಲು ಉಬ್ಬಿ ಹೊಲಿಗೆಯ ತೂತುಗಳೆಲ್ಲ ಮುಚ್ಚಿಕೊಳ್ಳುತ್ತವೆ.

ಇನ್ನೊಂದು ಮಾತು. ನನ್ನನ್ನು ಕೇಳಿದರೆ ಇದೇ ಎಲ್ಲಕ್ಕಿಂತ ದೊಡ್ಡ ಉಳಿತಾಯ. ಟೆಂಟಿನ ಮೇಲೆ ಒಂದು ಗೇಣು ಸಂದು ಬಿಟ್ಟು ಬೇರೆ ಟಾರ್ಪಾಲು ಕಟ್ಟಿ. ಬಿಸಿಲು ಟಾರ್ಪಾಲನ್ನು ತಿನ್ನುತ್ತದೆ, ಟೆಂಟು ಉಳಿಯುತ್ತದೆ. ನಡುವಿನ ಸಂದಿನಲ್ಲಿ ಗಾಳಿ ಓಡಾಡುವುದರಿಂದ ಒಳಗೆ ಸೆಕೆಯೂ ಕಡಿಮೆ. ನನ್ನ ಎರಡನೇ ಟೆಂಟು ಮೂರು ವರ್ಷ ಬಂದದ್ದು ಇದರಿಂದಲೇ. ಟಾರ್ಪಾಲು ಮಾತ್ರ ನಾಲ್ಕು ಬದಲಾದವು.

'ನಾಲ್ಕು ಜನ ಮಲಗುವ' ಅನ್ನುವುದನ್ನು ನಂಬಬೇಡಿ. ನಾಲ್ಕು ಚಾಪೆ ಒತ್ತೊತ್ತಾಗಿ ಹಾಸಿದರೆ ಹಿಡಿಯುತ್ತದೆ ಅಂತ ಅದರ ಅರ್ಥ, ಅಷ್ಟೇ. ವಿಪತ್ತಿನಲ್ಲಿ ಮನೆ ಕಳೆದುಕೊಂಡವರಿಗೆ ಆಸರೆ ಕೊಡುವಾಗ ಪಾಲಿಸುವ ಸ್ಫಿಯರ್ ಮಾನದಂಡದಲ್ಲೇ ಒಬ್ಬರಿಗೆ ಕನಿಷ್ಠ 3.5 ಚದರ ಮೀಟರ್ ಜಾಗ ಬೇಕು ಅಂತ ಇದೆ. ಅದು ಜೀವ ಉಳಿಸಿಕೊಳ್ಳುವ ಲೆಕ್ಕ. ಕೂತು ಕೆಲಸ ಮಾಡಿ, ಬಟ್ಟೆ ಒಣಗಿಸಿ, ಮಳೆಯಲ್ಲಿ ಮೂರು ದಿನ ಒಳಗೇ ಇರುವುದಕ್ಕೆ ಅದು ಸಾಲದು. ಐದು ಮೀಟರಿನ ದುಂಡು ಟೆಂಟಿನಲ್ಲಿ ಸುಮಾರು ಇಪ್ಪತ್ತು ಚದರ ಮೀಟರ್ ಸಿಗುತ್ತದೆ. ಒಬ್ಬರಿಗೆ ಅದು ಹದವಾದ ಅಳತೆ. ಮತ್ತೆ ನೆಟ್ಟಗೆ ನಿಲ್ಲಲು ಆಗಲೇಬೇಕು. ಬಗ್ಗಿಕೊಂಡು ಪ್ಯಾಂಟು ಹಾಕಿಕೊಳ್ಳುವುದು ಒಂದು ವಾರ ಮಜಾ ಅನ್ನಿಸುತ್ತದೆ. ಆರು ತಿಂಗಳಾದರೆ ಸೊಂಟ ಹಿಡಿಯುತ್ತದೆ.

ಲ್ಯಾಪ್‌ಟಾಪಿನ ಬಗ್ಗೆ ಹೆದರಬೇಡಿ. 100 ವ್ಯಾಟಿನ ಒಂದು ಸೋಲಾರ್ ಪ್ಯಾನೆಲ್, 12 ವೋಲ್ಟಿನ 100 ಆಂಪಿಯರ್-ಅವರ್ ಬ್ಯಾಟರಿ ಇದ್ದರೆ ಬಿಸಿಲಿನ ದಿನಗಳಲ್ಲಿ ಲ್ಯಾಪ್‌ಟಾಪು, ಫೋನು, ಒಂದು ಎಲ್ಇಡಿ ದೀಪ ಆರಾಮಾಗಿ ನಡೆಯುತ್ತವೆ. ಮೋಡದ ದಿನಗಳಲ್ಲಿ ಪ್ಯಾನೆಲ್ ಬಹಳ ಕಡಿಮೆ ಕೊಡುತ್ತದೆ. ವಾರಗಟ್ಟಲೆ ಮೋಡ ಕವಿದಾಗ ಚಾರ್ಜ್ ಮಾಡಿಕೊಳ್ಳುವುದಕ್ಕೆ ಒಂದು ಜಾಗ ಗೊತ್ತು ಮಾಡಿಕೊಂಡಿರಿ. ಬಟ್ಟೆಯ ಗೋಡೆಯೊಳಗೆ ನಡು ಮಧ್ಯಾಹ್ನ ಕೂತು ಕೆಲಸ ಮಾಡುವುದಂತೂ ಆಗದ ಮಾತು, ಹೊರಗಿಗಿಂತ ಒಳಗೇ ಬಿಸಿ ಜಾಸ್ತಿ. ಹಗಲಿಗೆ ಹೊರಗೆ ನೆರಳು ಮಾಡಿಕೊಳ್ಳಿ.

ನೀವು ಕೇಳದೇ ಇರುವುದೊಂದಿದೆ. ಟೆಂಟಿಗೆ ದಿನಾ ಒಂದು ಗಂಟೆ ಕೊಡಬೇಕು. ಬೆಳಿಗ್ಗೆ ಎರಡೂ ಕಡೆ ತೆರೆದು ಗಾಳಿ ಬಿಡುವುದು, ಹಾಸಿಗೆ ಎತ್ತಿ ನಿಲ್ಲಿಸುವುದು, ಒಳಗಿನ ಬಟ್ಟೆ ಒರೆಸುವುದು, ಗೂಟಗಳನ್ನು ಕಾಲಿನಿಂದ ಒತ್ತಿ ನೋಡುವುದು. ಸಂಜೆ ಹಗ್ಗ ಬಿಗಿ ಮಾಡುವುದು, ಕೂತಲ್ಲೇ ಹೊಲಿಗೆಗಳ ಮೇಲೆ ಒಂದು ಸಲ ಕಣ್ಣಾಡಿಸುವುದು. ಜ್ವರ ಬಂದರೂ ಬಿಡುವಂತಿಲ್ಲ. ನನಗೆ ಈ ಗಂಟೆ ಇಷ್ಟವಾಯಿತು, ಅದಕ್ಕೇ ನಾಲ್ಕು ವರ್ಷ ಉಳಿದೆ. ನನ್ನ ಪಕ್ಕದಲ್ಲೇ ಟೆಂಟು ಹಾಕಿದ್ದ ಒಬ್ಬ ಗೆಳತಿಗೆ ಅದು ಇಷ್ಟವಾಗಲಿಲ್ಲ. ಅವಳಿಗೆ ಕಾಡು, ನಕ್ಷತ್ರ ಎಲ್ಲ ನನಗಿಂತ ಜಾಸ್ತಿ ಇಷ್ಟ. ಆದರೂ ಐದನೇ ತಿಂಗಳಿಗೆ ಹೊರಟುಹೋದಳು. ಹೋದದ್ದು ಸರಿಯೇ.

ನಿಮಗೆ ಯಾವುದು ಅಂತ ತಿಳಿಯುವುದಕ್ಕೆ ಒಂದೇ ದಾರಿ. ರೂಮು ಖಾಲಿ ಮಾಡಬೇಡಿ. ನಿಮ್ಮ ಕಡೆ ವರ್ಷದಲ್ಲಿ ಯಾವ ಹದಿನೈದು ದಿನ ಹವೆ ಅತಿ ಕೆಟ್ಟದ್ದೋ ಆ ಹದಿನೈದು ದಿನ ಹೋಗಿ ಇದ್ದು ಬನ್ನಿ. ಹಿತವಾದ ತಿಂಗಳಿನಲ್ಲಿ ಹೋದರೆ ಯಾರಿಗಾದರೂ ಇಷ್ಟವಾಗುತ್ತದೆ, ಅಲ್ವಾ?

ಪ್ರಶ್ನೆ: ನಾವಿಬ್ಬರೂ ಎರಡು ತಿಂಗಳಿಂದ ಟೆಂಟಿನಲ್ಲಿದ್ದೇವೆ. ಬೆಳಿಗ್ಗೆ ಎದ್ದಾಗ ಒಳಗಿನ ಬಟ್ಟೆ ಪೂರ್ತಿ ಒದ್ದೆ, ಮೇಲಿನಿಂದ ಹನಿ ಬೀಳುತ್ತದೆ. ಮಳೆಯೇ ಬಂದಿರುವುದಿಲ್ಲ! ಎರಡು ಸಲ ಹೊಲಿಗೆಗೆ ಅಂಟು ಬಳಿದೆವು. ಮಾರಿದವರನ್ನು ಕೇಳಿದರೆ ಟೆಂಟಿನಲ್ಲಿ ದೋಷವಿಲ್ಲ ಅಂತಾರೆ. ಮೋಸ ಹೋದೆವಾ ಅಕ್ಕಾ?

ಉತ್ತರ: ಮೋಸ ಹೋಗಿಲ್ಲ. ಆ ನೀರು ನಿಮ್ಮದೇ.

ಮಲಗಿದಾಗ ಉಸಿರಿನಿಂದ, ಮೈಯಿಂದ ಒಂದು ರಾತ್ರಿಗೆ ಒಬ್ಬರಿಂದ ಹೆಚ್ಚು ಕಡಿಮೆ ಕಾಲು ಲೀಟರ್ ನೀರು ಆವಿಯಾಗಿ ಹೋಗುತ್ತದೆ. ಇಬ್ಬರಿಗೆ ಅರ್ಧ ಲೀಟರ್. ಗೋಡೆ ಇರುವ ಮನೆಯಲ್ಲಿ ಅದು ಗೊತ್ತೇ ಆಗುವುದಿಲ್ಲ. ಟೆಂಟಿನ ಬಟ್ಟೆ ರಾತ್ರಿ ತಣ್ಣಗಾಗಿರುತ್ತದೆ, ಆವಿ ಹೋಗಿ ಅದಕ್ಕೆ ತಾಗಿ ಹನಿ ಕಟ್ಟುತ್ತದೆ. ಚಳಿ ಅಂತ ನೀವು ಎಲ್ಲ ಸಂದುಗಳನ್ನೂ ಮುಚ್ಚಿ ಮಲಗುತ್ತಿರಬೇಕು. ಮುಚ್ಚಿದಷ್ಟೂ ಒದ್ದೆ ಜಾಸ್ತಿ. ಕೆಳಗೊಂದು, ಮೇಲೊಂದು ಕಿಂಡಿ ತೆರೆದಿಡಿ. ಕೆಳಗಿನಿಂದ ತಂಪು ಗಾಳಿ ಬಂದು ಆವಿಯನ್ನು ಮೇಲಿನಿಂದ ಹೊರಗೆ ತಳ್ಳಲಿ. ಸ್ವಲ್ಪ ಚಳಿ ಆಗುತ್ತದೆ. ಇನ್ನೊಂದು ಹೊದಿಕೆ ಹೊದ್ದುಕೊಳ್ಳಿ. ಒಣ ಚಳಿಯನ್ನು ತಡೆಯಬಹುದು, ಒದ್ದೆ ಚಳಿ ಮೂಳೆಗೆ ಇಳಿಯುತ್ತದೆ.

ಒದ್ದೆ ಬಟ್ಟೆ ಒಳಗೆ ಒಣಗಿಸಬೇಡಿ. ನೀರು ಕುದಿಸುವುದು, ಅಡುಗೆ ಎಲ್ಲ ಹೊರಗೇ. ಟೆಂಟನ್ನು ತಗ್ಗಿನಲ್ಲಿ ಅಥವಾ ಹೊಳೆಯ ಹತ್ತಿರ ಹಾಕಿದ್ದರೆ ಮೇಲಕ್ಕೆ ಸರಿಸಿ, ರಾತ್ರಿಯ ತಣ್ಣನೆ ಗಾಳಿ ಬಂದು ಕೂರುವುದು ಅಲ್ಲೇ.

ಈಗ ಒಂದು ಕೆಲಸ ಮಾಡಿ. ಈ ಪುಟ ಪಕ್ಕಕ್ಕಿಟ್ಟು ಹೋಗಿ ನಿಮ್ಮ ಹಾಸಿಗೆಯ ಅಡಿ ನೋಡಿ ಬನ್ನಿ. ನೆಲದ ಮೇಲೇ ಹಾಸಿದ್ದರೆ ಅಲ್ಲಿ ಕಪ್ಪು ಚುಕ್ಕೆ ಶುರುವಾಗಿರುತ್ತದೆ. ನನಗೆ ಅದು ಗೊತ್ತಾಗಿದ್ದು ಮೂರನೇ ತಿಂಗಳಲ್ಲಿ. ಮೇಲೆ ನೋಡಿದರೆ ಬೆಳ್ಳಗೆ ಚೆಂದದ ಹಾಸಿಗೆ. ಮಗುಚಿದರೆ ನಾನು ಮಲಗುವ ಆಕಾರದಲ್ಲೇ, ಭುಜದ ಕಡೆ ಅಗಲ, ಕಾಲಿನ ಕಡೆ ಸಣ್ಣ, ಬೂಷ್ಟು ಹಿಡಿದಿತ್ತು. ಕೈ ಇಟ್ಟರೆ ತಣ್ಣಗೆ, ಜಿಬಿಜಿಬಿ. ಆ ಮೂರು ತಿಂಗಳೂ ನನಗೆ ಬೆಳಿಗ್ಗೆ ಬೆಳಿಗ್ಗೆ ಕೆಮ್ಮು. ಹವೆ ಒಗ್ಗಿಲ್ಲ ಅಂದುಕೊಂಡಿದ್ದೆ. ಮೈ ಬಿಸಿಯಿಂದ ಹೊರಟ ಆವಿ ಹಾಸಿಗೆ ದಾಟಿ ತಣ್ಣನೆ ನೆಲಕ್ಕೆ ತಾಗಿ ಅಲ್ಲೇ ನೀರಾಗುತ್ತಿತ್ತು, ಒಣಗುವುದಕ್ಕೆ ದಾರಿ ಇರಲಿಲ್ಲ. ಮಂಚ ಹಾಕಿಸಿಕೊಂಡೆ, ಹಲಗೆಗಳ ನಡುವೆ ಎರಡು ಬೆರಳು ಸಂದು ಬಿಟ್ಟು. ಹಾಸಿಗೆ ಬದಲಿಸಿದೆ. ಕೆಮ್ಮು ಹೋಯಿತು. ದಯವಿಟ್ಟು ಇದನ್ನು ಸಣ್ಣದು ಅಂತ ಬಿಡಬೇಡಿ. ಟೆಂಟು ಬಿಟ್ಟು ಹೋದವರನ್ನು ನಾನು ಸಾಕಷ್ಟು ಜನರನ್ನು ನೋಡಿದ್ದೇನೆ. ಚಳಿಗೆ, ಹೆದರಿಕೆಗೆ ಹೋದವರು ಕಡಿಮೆ. ತೇವಕ್ಕೆ ಸೋತು ಹೋದವರೇ ಜಾಸ್ತಿ.

ನೆಲಕ್ಕೆ ಅಂತ ಟೆಂಟಿನ ಅಡಿ ಹಾಳೆ ಹಾಸಿದ್ದರೆ ಅದೂ ಒಂದು ಸಲ ನೋಡಿ. ಹಾಳೆಯ ಅಂಚು ಟೆಂಟಿನಿಂದ ಹೊರಗೆ ಚಾಚಿರಬಾರದು. ಚಾಚಿದ್ದರೆ ಮಳೆ ನೀರು ಅದರ ಮೇಲೆ ಇಳಿದು ಸೀದಾ ನಿಮ್ಮ ಅಡಿಗೇ ಬರುತ್ತದೆ. ಅಂಚನ್ನು ಒಳಕ್ಕೆ ಮಡಚಿ.

ಪ್ರಶ್ನೆ: ಚಳಿಗಾಲದಲ್ಲಿ ರಾತ್ರಿ ಮಾತ್ರ ಒಂದು ಗ್ಯಾಸ್ ಹೀಟರ್ ಅಥವಾ ಕೆಂಡದ ಬಾಣಲೆ ಒಳಗಿಟ್ಟುಕೊಂಡರೆ ತಪ್ಪೇನು? ಹೊಗೆ ಇರುವುದಿಲ್ಲವಲ್ಲ.

ಉತ್ತರ: ಬೇಡ. ಯಾವತ್ತೂ ಬೇಡ. ಒಂದು ಗಂಟೆಗೂ ಬೇಡ.

ಹೊಗೆ ಕಣ್ಣಿಗೆ ಕಾಣುತ್ತದೆ, ಕೆಮ್ಮು ಬರಿಸುತ್ತದೆ, ಎಬ್ಬಿಸುತ್ತದೆ. ಗ್ಯಾಸ್ ಹೀಟರಿನಿಂದಲೂ ಕೆಂಡದಿಂದಲೂ ಬರುವ ಕಾರ್ಬನ್ ಮಾನಾಕ್ಸೈಡ್ ಅನ್ನುವ ವಿಷಾನಿಲಕ್ಕೆ ಬಣ್ಣ ಇಲ್ಲ, ವಾಸನೆ ಇಲ್ಲ. ಅದು ರಕ್ತದ ಹಿಮೋಗ್ಲೋಬಿನ್ನಿಗೆ ಆಮ್ಲಜನಕಕ್ಕಿಂತ ಇನ್ನೂರು ಪಟ್ಟಿಗೂ ಹೆಚ್ಚು ಬಿಗಿಯಾಗಿ ಅಂಟಿಕೊಳ್ಳುತ್ತದೆ. ಉರಿ ಆರಿ ಕೆಂಡ ಮಾತ್ರ ಉಳಿದಾಗಲೂ ಬರುತ್ತಲೇ ಇರುತ್ತದೆ. ಮಲಗಿದವರು ಮಲಗಿದ ಹಾಗೇ ಹೋಗಿಬಿಡುತ್ತಾರೆ.

ನಾನು ಇದನ್ನು ಮಾಡಿದ್ದೇನೆ. ಎರಡನೇ ಚಳಿಗಾಲ. ಹೊರಗಿನ ಒಲೆಯಲ್ಲಿ ಚೆನ್ನಾಗಿ ಕೆಂಪಗಾಗಿದ್ದ ಕೆಂಡವನ್ನು ಬಾಣಲೆಗೆ ಹಾಕಿ ಒಳಗೆ ತಂದಿಟ್ಟೆ. ಬೆಚ್ಚಗಾಯಿತು, ನಿದ್ದೆ ಬಂತು. ನಡುರಾತ್ರಿ ಮೂತ್ರಕ್ಕೆ ಎಚ್ಚರವಾಯಿತು. ತಲೆ ಸಿಡಿಯುತ್ತಿತ್ತು, ಎದ್ದರೆ ಕಾಲು ನಿಲ್ಲಲಿಲ್ಲ. ಜಿಪ್ ಎಲ್ಲಿದೆ ಅಂತ ಕೈಗೆ ಸಿಗಲಿಲ್ಲ. ದಿನಕ್ಕೆ ಹತ್ತು ಸಲ ಎಳೆಯುತ್ತಿದ್ದ ಜಿಪ್! ಹೇಗೋ ಹೊರಗೆ ಬಂದು ನೆಲದ ಮೇಲೆ ಬಿದ್ದುಕೊಂಡೆ. ಆ ರಾತ್ರಿ ಎಚ್ಚರವಾಗದಿದ್ದರೆ ನಿಮಗೆ ಈ ಉತ್ತರ ಬರೆಯಲು ನಾನು ಇರುತ್ತಿರಲಿಲ್ಲ.

ಬೆಂಕಿ ಬೇಕೇ ಬೇಕು ಅಂದರೆ ಕ್ಯಾನ್ವಾಸ್ ಟೆಂಟಿಗೆ ಸರಿಯಾದ ಕಬ್ಬಿಣದ ಒಲೆ, ಮೇಲಕ್ಕೆ ಹೋಗುವ ಹೊಗೆ ಕೊಳವೆ, ಕೊಳವೆ ದಾಟುವ ಕಡೆ ಸುಡದ ಬಟ್ಟೆ, ಕೊಳವೆಯ ತುದಿಗೆ ಕಿಡಿ ತಡೆಯುವ ಜಾಲರಿ ಇರಬೇಕು. ಮಲಗುವ ಮೊದಲು ಒಲೆ ಪೂರ್ತಿ ಆರಿರಬೇಕು. ಇಷ್ಟಿದ್ದರೂ ಕಾರ್ಬನ್ ಮಾನಾಕ್ಸೈಡ್ ಅಲಾರಂ ಇಲ್ಲದೆ ಹಚ್ಚಬೇಡಿ.

ಹಾಗಾದರೆ ಬೆಚ್ಚಗೆ ಇರುವುದು ಹೇಗೆ? ಚಳಿ ಮೇಲಿನಿಂದಲ್ಲ, ಅಡಿಯಿಂದ ಬರುತ್ತದೆ. ಜನ ಹೊದಿಕೆಯ ಮೇಲೆ ಹೊದಿಕೆ ಹೊದೆಯುತ್ತಾರೆ, ಕೆಳಗೆ ತೆಳು ಹಾಸು. ಮೈ ಭಾರಕ್ಕೆ ಚಪ್ಪಟೆಯಾದ ಹಾಸು ಚಳಿ ತಡೆಯುವುದಿಲ್ಲ. ಗಾಳಿ ತುಂಬುವ ಹಾಸಿಗೆಯಂತೂ ಒಳಗಿನ ಗಾಳಿಯನ್ನೇ ತಣ್ಣಗೆ ಮಾಡಿ ಬೆನ್ನಿಗೆ ಕೊಡುತ್ತದೆ. ಗಟ್ಟಿ ಫೋಮ್ ಹಾಳೆ ಎರಡು ಪದರ ಹಾಕಿ. ಬಿಸಿನೀರು ತುಂಬಿದ ಬಾಟಲಿಗೆ ಕಾಲುಚೀಲ ತೊಡಿಸಿ ಕಾಲ ಬಳಿ ಇಟ್ಟುಕೊಳ್ಳಿ. ತಲೆಗೆ ಟೋಪಿ. ಆ ರಾತ್ರಿಯ ಮೇಲೆ ನಾನು ಎರಡು ಚಳಿಗಾಲ ಕಳೆದದ್ದು ಇಷ್ಟರಲ್ಲೇ.

ಪ್ರಶ್ನೆ: ಸಣ್ಣ ಜಾಗ ಕೊಂಡಿದ್ದೇನೆ. ನನ್ನದೇ ಜಾಗ ಅಂದಮೇಲೆ ಟೆಂಟು ಹಾಕಿ ಇರಲು ಯಾರನ್ನು ಕೇಳಬೇಕು?

ಉತ್ತರ: ಕೇಳಲೇಬೇಕು. ಜಾಗ ನಿಮ್ಮದು ಅನ್ನುವುದೂ ಅದರ ಮೇಲೆ ವಾಸ ಮಾಡಬಹುದು ಅನ್ನುವುದೂ ಬೇರೆ ಬೇರೆ. ಜಮೀನನ್ನು ಯಾವುದಕ್ಕೆ ಬಳಸಬೇಕು, ಶೌಚದ ವ್ಯವಸ್ಥೆ ಏನು, ಎಷ್ಟು ದಿನ ತಾತ್ಕಾಲಿಕ ಅನ್ನಿಸಿಕೊಳ್ಳುತ್ತದೆ ಅನ್ನುವುದಕ್ಕೆಲ್ಲ ಹೆಚ್ಚಿನ ಕಡೆ ನಿಯಮಗಳಿವೆ. ಸಾರ್ವಜನಿಕ ಜಾಗದಲ್ಲಂತೂ ಟೆಂಟು ಹಾಕಲು ಬಿಡುವ ದೇಶಗಳಲ್ಲೂ ದಿನಗಳ ಮಿತಿ ಇರುತ್ತದೆ. ಸ್ಕಾಟ್ಲೆಂಡಿನಲ್ಲಿ ಬಯಲಿನಲ್ಲಿ ಮಲಗುವ ಹಕ್ಕು ಎಲ್ಲರಿಗೂ ಇದೆ, ಆದರೆ ಒಂದೇ ಜಾಗದಲ್ಲಿ ಎರಡು ಮೂರು ರಾತ್ರಿ ಮಾತ್ರ ಅನ್ನುತ್ತದೆ ಅಲ್ಲಿನ ಸಂಹಿತೆ. ಅಮೆರಿಕದ ಭೂ ನಿರ್ವಹಣಾ ಇಲಾಖೆಯ ಜಾಗಗಳಲ್ಲಿ ಸಾಮಾನ್ಯವಾಗಿ 28 ದಿನದಲ್ಲಿ 14 ದಿನ. ನಿಮ್ಮ ಸ್ಥಳೀಯ ಆಡಳಿತವನ್ನು ಟೆಂಟು ಕೊಳ್ಳುವ ಮೊದಲೇ ಕೇಳಿ, ಉತ್ತರ ಬರಹದಲ್ಲಿ ಪಡೆಯಿರಿ. ಅಂಚೆ, ಬ್ಯಾಂಕು, ಗುರುತಿನ ಚೀಟಿ ಎಲ್ಲಕ್ಕೂ ಒಂದು ವಿಳಾಸ ಬೇಕು. ಯಾರ ವಿಳಾಸ ಕೊಡುತ್ತೀರಿ ಅಂತ ಈಗಲೇ ಯೋಚಿಸಿ.

ಪ್ರಶ್ನೆ: ಕೇಳಲು ಸಂಕೋಚ. ಶೌಚ, ಸ್ನಾನ, ನೀರು ಇದೆಲ್ಲ ಹೇಗೆ ನಿಭಾಯಿಸಿದಿರಿ? ನಾನೂ ಹೆಣ್ಣುಮಗಳು.

ಉತ್ತರ: ಸಂಕೋಚ ಬೇಡ ತಂಗಿ, ಇದನ್ನು ಮೊದಲೇ ಕೇಳಿದವರು ಉಳಿಯುತ್ತಾರೆ.

ನೀರಿನಿಂದ ಅರವತ್ತು ಮೀಟರ್ ದೂರ, ಹದಿನೈದು ಇಪ್ಪತ್ತು ಸೆಂಟಿಮೀಟರ್ ಆಳದ ಗುಂಡಿ ತೋಡಿ ಮುಚ್ಚುವುದು ಅಂತ ಎಲ್ಲರೂ ಹೇಳುತ್ತಾರೆ. ಅದು ದಾರಿ ನಡೆಯುತ್ತಾ ಒಂದು ರಾತ್ರಿ ತಂಗುವವರಿಗೆ. ಒಂದೇ ಕಡೆ ವರ್ಷಗಟ್ಟಲೆ ಇರುವವರು ಹಾಗೆ ಮಾಡಿದರೆ ಸುತ್ತಲಿನ ನೆಲವೇ ಹೊಲಸು. ನಾನು ಮಾಡಿಕೊಂಡದ್ದು ಒಣ ಶೌಚ. ಟೆಂಟಿನಿಂದ ಇಪ್ಪತ್ತು ಹೆಜ್ಜೆ ಆಚೆ, ಕತ್ತಲಲ್ಲೂ ಹೋಗಬಹುದಾದ ಸಮ ದಾರಿಯಲ್ಲಿ ಮರೆ ಕಟ್ಟಿ, ಮರದ ಪೆಟ್ಟಿಗೆಯೊಳಗೆ ಬಕೆಟ್ಟು. ಮೂತ್ರ ಬೇರೆಯಾಗಿ ಹೋಗುವ ಹಾಗೆ ಮುಂದೆ ಒಂದು ತಟ್ಟೆ, ಕೊಳವೆ. ಎರಡೂ ಬೇರೆಯಾದರೆ ವಾಸನೆ ಮುಕ್ಕಾಲು ಪಾಲು ಇಲ್ಲ. ಪ್ರತಿ ಸಲ ಒಂದು ಬೊಗಸೆ ಮರದ ಹೊಟ್ಟು. ತುಂಬಿದ್ದನ್ನು ಮುಚ್ಚಳವಿರುವ ತೊಟ್ಟಿಯಲ್ಲಿ ಕನಿಷ್ಠ ಒಂದು ವರ್ಷ, ತಂಪು ಜಾಗವಾದರೆ ಎರಡು ವರ್ಷ ಬಿಟ್ಟು, ಆಮೇಲೆ ಮರಗಳ ಬುಡಕ್ಕೆ. ತಿನ್ನುವ ಸೊಪ್ಪು, ತರಕಾರಿಗೆ ಬೇಡ. ಮುಟ್ಟಿನ ಬಟ್ಟೆ, ಪ್ಯಾಡುಗಳನ್ನು ಇದಕ್ಕೆ ಹಾಕಬಾರದು. ನಾನು ಮುಟ್ಟಿನ ಕಪ್ ಬಳಸಲು ಶುರು ಮಾಡಿದ್ದು ಆ ವರ್ಷಗಳಲ್ಲೇ, ಈಗಲೂ ಅದೇ.

ನೀರು ಕುಡಿಯಲು, ಅಡುಗೆಗೆ, ತೊಳೆಯಲು ಸೇರಿ ಒಬ್ಬರಿಗೆ ದಿನಕ್ಕೆ 15 ಲೀಟರ್ ಅಂತ ಇಟ್ಟುಕೊಳ್ಳಿ. ಅದೂ ಸ್ಫಿಯರ್ ಮಾನದಂಡದ ಕನಿಷ್ಠ ಲೆಕ್ಕವೇ. ಹದಿನೈದು ಲೀಟರ್ ಅಂದರೆ ಹದಿನೈದು ಕೆ.ಜಿ. ದಿನಾ ಎಷ್ಟು ದೂರದಿಂದ ಹೊರುತ್ತೀರಿ ಅನ್ನುವುದೇ ನಿಮ್ಮ ಟೆಂಟಿನ ಜಾಗವನ್ನು ಗೊತ್ತು ಮಾಡಬೇಕು, ಚೆಂದದ ನೋಟ ಅಲ್ಲ. ಹೊಳೆ ನೀರನ್ನು ಸೋಸಿ, ಕೊತಕೊತ ಕುದಿ ಬಂದ ಮೇಲೆ ಒಂದು ನಿಮಿಷ ಬಿಡಿ. 2,000 ಮೀಟರಿಗಿಂತ ಎತ್ತರದಲ್ಲಿದ್ದರೆ ಮೂರು ನಿಮಿಷ.

ರಾತ್ರಿ ಜಿಪ್ಪಿಗೆ ಬೀಗ ಹಾಕಿ ಅಂತ ಕೆಲವರು ಹೇಳುತ್ತಾರೆ. ಬೀಗ ಕಂಡರೆ ಒಳಗೆ ಏನೋ ಇದೆ ಅಂತ ಗೊತ್ತಾಗುತ್ತದೆ, ಬಟ್ಟೆಗೆ ಒಂದು ಚಾಕು ಸಾಕು. ಬೆಂಕಿ ಬಿದ್ದರೆ ಒಳಗಿರುವ ನಿಮಗೇ ಅಪಾಯ. ಅದರ ಬದಲು ದಿನಾ ಸಂಜೆ ಒಂದು ಹೊತ್ತಿಗೆ ಯಾರಿಗಾದರೂ ಫೋನ್ ಮಾಡುವ ಪರಿಪಾಠ ಇಟ್ಟುಕೊಳ್ಳಿ. ನಿಮ್ಮ ಫೋನು ಬರದಿದ್ದರೆ ಅವರು ಹೊರಟು ಬರಬೇಕು. ನನಗೆ ಹಾಗೆ ಒಬ್ಬರಿದ್ದರು. ಒಂದೇ ಒಂದು ಸಲ, ಫೋನಿನ ಚಾರ್ಜ್ ಮುಗಿದ ದಿನ, ಮಳೆಯಲ್ಲಿ ಟಾರ್ಚು ಹಿಡಿದು ಬಂದು ನಿಂತರು. ನನಗೆ ಏನೂ ಆಗಿರಲಿಲ್ಲ. ಅವರು ಬಂದರಲ್ಲ ಅನ್ನುವುದಕ್ಕೆ ಕಣ್ಣಲ್ಲಿ ನೀರು ಬಂತು.

ಪ್ರಶ್ನೆ: ಬಿರುಗಾಳಿ ಬಂದರೆ?

ಉತ್ತರ: ಗಾಳಿಯ ವೇಗ ಎರಡರಷ್ಟಾದರೆ ಅದು ಟೆಂಟನ್ನು ತಳ್ಳುವ ಬಲ ನಾಲ್ಕರಷ್ಟಾಗುತ್ತದೆ. ಹಾಗಾಗಿ 'ನಿನ್ನೆಯ ಗಾಳಿಗೆ ನಿಂತಿತ್ತು' ಅನ್ನುವುದು ಧೈರ್ಯ ಕೊಡುವ ಮಾತಲ್ಲ. ಗೂಟದ ತಲೆ ಟೆಂಟಿನಿಂದ ಆಚೆಗೆ ವಾಲಿರಲಿ, ಹಗ್ಗ ನೆಲಕ್ಕೆ ಸುಮಾರು 45 ಡಿಗ್ರಿಯಲ್ಲಿ ಇಳಿಯಲಿ. ಹತ್ತಿಯ ಹಗ್ಗ ನೆನೆದರೆ ಕುಗ್ಗಿ ಬಿಗಿಯಾಗುತ್ತದೆ, ಮಳೆಗೆ ಮೊದಲು ಸ್ವಲ್ಪ ಸಡಿಲ ಬಿಡಿ. ನೈಲಾನ್ ಹಗ್ಗ ನೆನೆದರೆ ಜೋಲುತ್ತದೆ, ಅದನ್ನು ಮಳೆ ಬಂದ ಮೇಲೆ ಬಿಗಿ ಮಾಡಿ. ಒಣಕೊಂಬೆ ಇರುವ ಮರದ ಕೆಳಗೆ ಟೆಂಟು ಬೇಡವೇ ಬೇಡ. ಸಿಡಿಲಿಗೆ ಟೆಂಟು ಯಾವ ರಕ್ಷಣೆಯನ್ನೂ ಕೊಡುವುದಿಲ್ಲ. ಗುಡುಗು ಕೇಳಿಸಿದ ಕೂಡಲೇ ಕಟ್ಟಡಕ್ಕೋ, ಲೋಹದ ಚಾವಣಿಯ ಕಾರಿನೊಳಕ್ಕೋ ಹೋಗಿ.

ಎಲ್ಲಕ್ಕಿಂತ ಮೊದಲು ಕೈಕೊಡುವುದು ಜಿಪ್. ಗಾಳಿ ಮಳೆ ಜೋರಾಗಿರುವಾಗ ರನ್ನರ್ ಮುಂದೆ ಹೋಗುತ್ತದೆ, ಹಿಂದೆ ಹಲ್ಲುಗಳು ಬಿಚ್ಚಿಕೊಳ್ಳುತ್ತಲೇ ಬರುತ್ತವೆ. ಹಲ್ಲು ಹಾಳಾಗಿದೆ ಅಂತ ಅನ್ನಿಸುತ್ತದೆ. ಹೆಚ್ಚಾಗಿ ಸವೆದಿರುವುದು ರನ್ನರ್. ಅದನ್ನು ಜಿಪ್ಪಿನ ಶುರುವಿಗೆ ತಂದು, ಹಿಂಭಾಗದ ಎರಡೂ ಅಂಚನ್ನು ಸಣ್ಣ ಇಕ್ಕಳದಿಂದ ಒಂದು ಚೂರೇ ಚೂರು ಒತ್ತಿ. ಎಳೆದು ನೋಡಿ. ಸಾಲದಿದ್ದರೆ ಇನ್ನೊಂದು ಚೂರು. ಒಮ್ಮೆಗೇ ಒತ್ತಿದರೆ ಮುರಿಯುತ್ತದೆ. ವಾರಕ್ಕೊಮ್ಮೆ ಹಳೇ ಹಲ್ಲುಜ್ಜುವ ಬ್ರಷ್ಷಿನಿಂದ ಮಣ್ಣು ತೆಗೆದರೆ ಈ ತೊಂದರೆ ತಡವಾಗಿ ಬರುತ್ತದೆ. ಇಕ್ಕಳ ಮತ್ತು ಟಾರ್ಚು ಯಾವಾಗಲೂ ದಿಂಬಿನ ಪಕ್ಕ ಒಂದೇ ಚೀಲದಲ್ಲಿರಲಿ.

ಪ್ರಶ್ನೆ: ನನ್ನ ಮಗಳಿಗೆ ಇಪ್ಪತ್ತಾರು. ಕೆಲಸ ಬಿಟ್ಟು ಮೂರು ತಿಂಗಳಿಂದ ಟೆಂಟಿನಲ್ಲಿದ್ದಾಳೆ. ಚೆನ್ನಾಗಿದ್ದೇನೆ ಅಂತಾಳೆ. ನನಗೆ ರಾತ್ರಿ ನಿದ್ದೆ ಬರುವುದಿಲ್ಲ. ವಾಪಸು ಕರೆದರೆ ಜಗಳ ಆಗುತ್ತದೆ. ನೀವಾದರೂ ಅವಳಿಗೆ ಬುದ್ಧಿ ಹೇಳಿ.

ಉತ್ತರ: ನಿಮ್ಮ ಪತ್ರ ಎರಡು ಸಲ ಓದಿದೆ ತಾಯಿ. ನನ್ನ ಅಮ್ಮನೂ ಹೀಗೇ ನಿದ್ದೆ ಇಲ್ಲದೆ ಕಳೆದಿರುತ್ತಾರೆ, ನನಗೆ ಹೇಳಲಿಲ್ಲ ಅಷ್ಟೇ.

ಮೊದಲು ಒಂದು ವಿಷಯ ತಿಳಿದುಕೊಳ್ಳಬೇಕು. ಅವಳು ಟೆಂಟನ್ನು ಆರಿಸಿಕೊಂಡಿದ್ದಾಳಾ, ಅಥವಾ ಬೇರೆ ಎಲ್ಲೂ ಇರಲಾಗದೆ ಹೋಗಿದ್ದಾಳಾ? ಹೊರಗಿನಿಂದ ಎರಡೂ ಒಂದೇ ಥರ ಕಾಣುತ್ತದೆ. ಮನಸ್ಸಿಗೆ ತುಂಬಾ ಭಾರವಾಗಿ, ಯಾರ ಮುಖವೂ ಬೇಡ ಅಂತ ಹೋದವರೂ ಚೆನ್ನಾಗಿದ್ದೇನೆ ಅಂತಲೇ ಹೇಳುತ್ತಾರೆ. ಸೀದಾ ಕೇಳಿದರೆ ಉತ್ತರ ಸಿಗುವುದಿಲ್ಲ. ಟೆಂಟು ನೋಡಿದರೆ ಸಿಗುತ್ತದೆ. ಹಗ್ಗಗಳು ಬಿಗಿಯಾಗಿವೆಯಾ, ಹಾಸಿಗೆ ಒಣಗಿದೆಯಾ, ಪಾತ್ರೆ ತೊಳೆದಿದೆಯಾ, ಹರಿದದ್ದಕ್ಕೆ ತೇಪೆ ಬಿದ್ದಿದೆಯಾ? ದಿನಾ ಅದಕ್ಕೆ ಕೈ ಹಾಕುತ್ತಿದ್ದರೆ ಅವಳು ಅಲ್ಲಿ ಬದುಕುತ್ತಿದ್ದಾಳೆ. ಎಲ್ಲ ಜೋಲುಬಿದ್ದು, ಒದ್ದೆಯಾಗಿ, ಹಾಗೇ ಬಿಟ್ಟಿದ್ದರೆ ಟೆಂಟಿನ ಮಾತು ಬಿಡಿ, ಅವಳ ಆರೋಗ್ಯದ ಮಾತಾಡಿ. ಮನೋವೈದ್ಯರ ಬಳಿ ಜೊತೆಗೆ ಹೋಗೋಣ ಅನ್ನಿ, ನೀನೊಬ್ಬಳೇ ಹೋಗು ಅನ್ನಬೇಡಿ.

ಬುದ್ಧಿ ನಾನು ಹೇಳುವುದಿಲ್ಲ, ಕ್ಷಮಿಸಿ. ಅವಳಿಗೆ ಅದು ಹಿಡಿಸಿದ್ದರೆ ನನ್ನ ಮಾತೂ ಬೇಡ. ನೀವು ಮಾಡಬಹುದಾದದ್ದು ಬೇರೆ ಇದೆ. ಅವಳ ಮುಖ್ಯ ಕಾಗದಪತ್ರ, ಒಂದು ಜೊತೆ ಒಣ ಬಟ್ಟೆ, ಒಂದು ಜೊತೆ ಬೂಟು ನಿಮ್ಮ ಮನೆಯಲ್ಲಿ ಇಟ್ಟುಕೊಳ್ಳುತ್ತೇನೆ ಅನ್ನಿ. ಮನೆಯ ಬೀಗದ ಕೈ ಒಂದನ್ನು ಅವಳಿಗೆ ಕೊಡಿ. ಯಾವ ರಾತ್ರಿ ಬೇಕಾದರೂ ಬಾ, ಯಾಕೆ ಬಂದೆ ಅಂತ ಕೇಳುವುದಿಲ್ಲ ಅನ್ನಿ. ಬಂದಾಗ ನಿಜವಾಗಿಯೂ ಕೇಳಬೇಡಿ. ನಾನು ನಾಲ್ಕು ವರ್ಷದಲ್ಲಿ ಅಂಥ ಮನೆಗೆ ಆರು ರಾತ್ರಿ ಹೋಗಿದ್ದೇನೆ. ಆ ಆರು ರಾತ್ರಿ ಇಲ್ಲದಿದ್ದರೆ ಉಳಿದ ರಾತ್ರಿಗಳನ್ನು ಟೆಂಟಿನಲ್ಲಿ ಕಳೆಯಲು ನನಗೆ ಆಗುತ್ತಿರಲಿಲ್ಲ.

ಮತ್ತೆ ಒಂದು ಸಲ ನೀವೇ ಅಲ್ಲಿಗೆ ಹೋಗಿ, ಒಂದು ರಾತ್ರಿ ಅವಳ ಜೊತೆ ಮಲಗಿ ಬನ್ನಿ. ಹೋಗುವಾಗ ಒಳ್ಳೆಯ ದಪ್ಪ ರಗ್ಗು ಒಂದು ತಗೊಂಡು ಹೋಗಿ. ಬರುವಾಗ ಅದನ್ನು ಅಲ್ಲೇ ಬಿಟ್ಟು ಬನ್ನಿ.